ಎಸ್ಟೇಟ್ ಲ್ಯಾಪ್‌ಟಾಪ್‌ಗೆ ಗ್ರಾಫ್ ಲೈಬ್ರರಿ ಮುಟ್ಟಿಸಿದ್ದು: ಗಿಟ್ ಜೊತೆ ನನ್ನ ಅನುಭವ

ಬೇರೆಯವರು ಬರೆದ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಪ್ರಾಜೆಕ್ಟ್‌ಗೆ ಸೇರಿಸೋದು ಹೇಗೆ ಅಂತ ಈಗ ಯಾರನ್ನು ಕೇಳಿದರೂ ಒಂದೇ ಉತ್ತರ: ಎನ್‌ಪಿಎಂ ಇನ್‌ಸ್ಟಾಲ್ ಹೊಡಿ. (ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಂಗಳಲ್ಲಿ ಬಳಸೋಕೆ ಬರೆದಿಟ್ಟ ಕೋಡ್, ಎನ್‌ಪಿಎಂ ಅಂದರೆ ಅದನ್ನು ನೆಟ್‌ನಿಂದ ಇಳಿಸಿಕೊಡೋ ಸಾಧನ.) ಒಳ್ಳೆ ಇಂಟರ್ನೆಟ್ ಇರೋ ಕಡೆ ಕೂತು ಮಾಡೋ ಕೆಲಸಕ್ಕೆ ಅದು ಸರಿಯಾದ ಉತ್ತರವೇ. ನನ್ನ ಕೆಲಸ ಸ್ವಲ್ಪ ಬೇರೆ. ಚಿಕ್ಕಮಗಳೂರಿನಲ್ಲಿ ಕೂತು ಸುತ್ತಮುತ್ತಲ ಕಾಫಿ ಎಸ್ಟೇಟ್‌ಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ನಾನು ಬರೆದ ಕೋಡ್ ಕೊನೆಗೆ ಹೋಗಿ ಕೂರೋದು ಮೂಡಿಗೆರೆ, ಕಳಸ ಕಡೆಯ ಯಾವುದೋ ಎಸ್ಟೇಟ್ ಆಫೀಸಿನ ಹಳೇ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಜುಲೈ ತಿಂಗಳಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಟವರ್‌ನ ಬ್ಯಾಟರಿ ಮುಗಿದರೆ ಫೋನೂ ಇಲ್ಲ, ನೆಟ್ಟೂ ಇಲ್ಲ. ಹಾಗಾಗಿ ಲೈಬ್ರರಿಯನ್ನು ಹೇಗೆ ತರಬೇಕು ಅನ್ನೋದನ್ನ ಅದನ್ನು ಬಳಸೋ ಕಡೆ ಏನಿದೆ, ಏನಿಲ್ಲ ಅಂತ ನೋಡಿ ತೀರ್ಮಾನ ಮಾಡಬೇಕಾಯಿತು. ಕೊನೆಗೆ ಹಿಡಿದದ್ದು ಗಿಟ್‌ನ ಸಬ್‌ಟ್ರೀ ಅನ್ನೋ ದಾರಿ. ಗಿಟ್ ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡೋ ಸಾಧನ. ಹಾಗೆ ದಾಖಲಾದ ಒಂದೊಂದು ಹಂತ ಒಂದು ಕಮಿಟ್, ಅವೆಲ್ಲ ಇರೋ ಪ್ರಾಜೆಕ್ಟ್ ಫೋಲ್ಡರ್ ರೆಪೊ.

ಪ್ರೋಗ್ರಾಂ ದೊಡ್ಡದೇನಲ್ಲ. ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ), ದಿನಕ್ಕೆ ಎಷ್ಟು ಹಣ್ಣು ಕೊಯ್ದರು, ಗೊಬ್ಬರ ಎಲ್ಲಿ ಹಾಕಿದ್ದು, ಮಳೆ ಎಷ್ಟು ಬಿತ್ತು, ಇಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಒಂದು ಪುಟ್ಟ ಪೈಥಾನ್ ಸರ್ವರ್ ಓಡುತ್ತೆ, ಬ್ರೌಸರ್‌ನಲ್ಲಿ ಪುಟಗಳು ತೆರೆಯುತ್ತವೆ. ಇದರಲ್ಲಿ ಸಾಹುಕಾರರು ಜಾಸ್ತಿ ನೋಡೋದು ಮಳೆ ಪುಟವನ್ನೇ. ಎಸ್ಟೇಟ್‌ಗಳಲ್ಲಿ ರೈಟ್ರು (ಲೆಕ್ಕ ಬರೆಯೋ ಗುಮಾಸ್ತರು) ದಿನಾ ಬೆಳಗ್ಗೆ ಮಳೆ ಗೇಜ್ ನೋಡಿ ಪುಸ್ತಕಕ್ಕೆ ಬರೆದಿಡುತ್ತಾರೆ. ಎಷ್ಟೋ ಕಡೆ ಅಜ್ಜನ ಕಾಲದ ಪುಸ್ತಕಗಳೂ ಇವೆ. ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಸಮಯಕ್ಕೆ ಬಂತಾ ಅನ್ನೋದರ ಮೇಲೆ ಮುಂದಿನ ಫಸಲು ನಿಂತಿರುತ್ತೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಒಂದೇ ನೋಟಕ್ಕೆ ಹೋಲಿಸಿ ನೋಡಬೇಕು ಅಂದರೆ ಗ್ರಾಫ್ ಬೇಕು. ಗ್ರಾಫ್ ಬರೆಯೋ ಕೋಡ್ ನಾನೇ ಬರೆಯಬಹುದಿತ್ತು. ಆದರೆ ಅಂಚು, ಅಳತೆ, ಜೂಮ್ ಅಂತ ಒಂದೊಂದೇ ಸೇರಿಸುತ್ತಾ ಹೋದರೆ ಅದೇ ಒಂದು ಪ್ರಾಜೆಕ್ಟ್ ಆಗಿಬಿಡುತ್ತೆ, ಅಲ್ವಾ?

ನಾನು ಆರಿಸಿಕೊಂಡದ್ದು ಯೂಪ್ಲಾಟ್ ಅನ್ನೋ ಲೈಬ್ರರಿ. ಮಿನಿಫೈ ಮಾಡಿದ, ಅಂದರೆ ಖಾಲಿ ಜಾಗ ತೆಗೆದು ಕುಗ್ಗಿಸಿದ ಫೈಲ್ ಸುಮಾರು 50 ಕೆಬಿ. ಅದು ಬೇರೆ ಯಾವ ಲೈಬ್ರರಿಯನ್ನೂ ನೆಚ್ಚಿಕೊಂಡಿಲ್ಲ. ಒಂದು ಜೆಎಸ್ ಫೈಲ್, ಒಂದು ಸಿಎಸ್‌ಎಸ್ ಫೈಲ್ ಇದ್ದರೆ ಮುಗೀತು. ಎಂಐಟಿ ಲೈಸೆನ್ಸ್. ಇನ್ನೊಂದು ಮುಖ್ಯ ವಿಷಯ, ಬಿಲ್ಡ್ ಆದ, ಅಂದರೆ ನೇರ ಬಳಸೋಕೆ ತಯಾರಾದ ಫೈಲುಗಳಿರೋ ಡಿಸ್ಟ್ ಫೋಲ್ಡರ್ ಅದರ ರೆಪೊ ಒಳಗೇ ಇದೆ. ಗಿಟ್ ಮೂಲಕ ಲೈಬ್ರರಿ ತರೋ ಯೋಚನೆ ಇದ್ದರೆ ಮೊದಲು ಇದನ್ನು ನೋಡಿಕೊಳ್ಳಿ. ಎಷ್ಟೋ ಲೈಬ್ರರಿಗಳು ರೆಪೊದಲ್ಲಿ ಬರೀ ಮೂಲ ಕೋಡ್ ಇಡುತ್ತವೆ. ಬಳಸೋಕೆ ತಯಾರಾದ ಫೈಲ್ ಬೇಕು ಅಂದರೆ ನೀವೇ ಬಿಲ್ಡ್ ಮಾಡಬೇಕು. ಜೆಕ್ವೆರಿ ಅನ್ನೋ ಲೈಬ್ರರಿಯವರು ಬಿಲ್ಡ್ ಆದ ಫೈಲುಗಳಿಗಾಗಿಯೇ ಜೆಕ್ವೆರಿ-ಡಿಸ್ಟ್ ಅಂತ ಬೇರೆ ರೆಪೊ ಇಟ್ಟಿದ್ದಾರೆ. ಗೊತ್ತಿಲ್ಲದೆ ಮೂಲ ರೆಪೊವನ್ನೇ ಎಳೆದುಕೊಂಡರೆ ಪುಟಕ್ಕೆ ಜೆಎಸ್ ಫೈಲ್ ಜೋಡಿಸೋ ಸ್ಕ್ರಿಪ್ಟ್ ಟ್ಯಾಗ್‌ಗೆ ಕೊಡೋಕೆ ಫೈಲೇ ಸಿಗದೆ ಹುಡುಕಾಡಬೇಕು.

ಸಿಡಿಎನ್ (ಲೈಬ್ರರಿ ಫೈಲುಗಳನ್ನು ನೆಟ್ ಮೂಲಕ ಕೊಡೋ ಸರ್ವರ್) ವಿಳಾಸವನ್ನು ಸ್ಕ್ರಿಪ್ಟ್ ಟ್ಯಾಗ್‌ಗೆ ಹಾಕೋ ದಾರಿ ನಮಗೆ ಮೊದಲೇ ಮುಚ್ಚಿತ್ತು. ನೆಟ್ ಇಲ್ಲದ ದಿನ ಗ್ರಾಫ್ ಇಲ್ಲ ಅಂದರೆ ರೈಟ್ರು ಒಪ್ಪಲ್ಲ. ನೆಟ್ ಇದ್ದರೂ ನನಗೆ ಅದು ಅಷ್ಟಾಗಿ ಹಿಡಿಸಲ್ಲ. 2024ರ ಜೂನ್‌ನಲ್ಲಿ ಪಾಲಿಫಿಲ್ ಡಾಟ್ ಐಒ ಅನ್ನೋ ಇಂಥದೇ ಸೇವೆಯ ವಿಷಯ ಹೊರಗೆ ಬಂತಲ್ಲ, ಡೊಮೈನ್ ಕೈ ಬದಲಾಗಿ, ಅದನ್ನು ನಂಬಿ ಸ್ಕ್ರಿಪ್ಟ್ ಹಾಕಿಕೊಂಡಿದ್ದ ಸೈಟುಗಳಿಗೆಲ್ಲ ಕೆಟ್ಟ ಕೋಡ್ ಹೋಗಿತ್ತು.

ಎನ್‌ಪಿಎಂ ಬೇಡ ಅಂದದ್ದಕ್ಕೆ ಕಾರಣ ಇನ್ನೂ ಸರಳ. ಎಸ್ಟೇಟ್ ಲ್ಯಾಪ್‌ಟಾಪ್‌ನಲ್ಲಿ ನೋಡ್ (ಎನ್‌ಪಿಎಂ ಓಡೋಕೆ ಬೇಕಾದ ಪ್ರೋಗ್ರಾಂ) ಇಲ್ಲ. ನಮ್ಮ ಪ್ರೋಗ್ರಾಂಗೆ ಬಿಲ್ಡ್ ಅನ್ನೋ ಹಂತವೇ ಇಲ್ಲ. ಒಂದು ಜೆಎಸ್ ಫೈಲಿಗೋಸ್ಕರ ಅದನ್ನೆಲ್ಲ ತಂದು ಕೂರಿಸೋದು ಯಾಕೆ? ಬೇರೆ ಕೆಲಸಗಳಲ್ಲಿ ನಾನೂ ಎನ್‌ಪಿಎಂ ಬಳಸುತ್ತೇನೆ, ಆವೃತ್ತಿಗಳನ್ನು ಬರೆದಿಡೋ ಲಾಕ್ ಫೈಲ್ ಕಮಿಟ್ ಮಾಡಿ ಆರಾಮಾಗಿದ್ದೇನೆ. ಆದರೆ 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಪ್ಯಾಕೇಜನ್ನು ಬರೆದವರು ತೆಗೆದುಹಾಕಿದಾಗ ಎಷ್ಟು ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ನಿಂತಿತು ಅಂತ ನೆನಪಿರೋರಿಗೆ, ತಮಗೆ ಬೇಕಾದ ಕೋಡ್ ತಮ್ಮ ಹತ್ತಿರವೇ ಇರಲಿ ಅನ್ನಿಸೋದು ಸಹಜ.

ಹಾಗಾದರೆ ಫೈಲನ್ನು ಡೌನ್‌ಲೋಡ್ ಮಾಡಿ, ಫೋಲ್ಡರ್‌ಗೆ ಹಾಕಿ, ಕಮಿಟ್ ಮಾಡಿದರೆ ಆಯ್ತಲ್ಲ? ಆಯ್ತು. ಎರಡು ಫೈಲಿನ ಲೈಬ್ರರಿಗೆ ಇದು ಕೆಟ್ಟ ದಾರಿಯೇನಲ್ಲ, ಯಾರಾದರೂ ಹೀಗೆ ಮಾಡಿದರೆ ನಾನು ನಗಲ್ಲ. ತೊಂದರೆ ಬರೋದು ವರ್ಷ ಕಳೆದ ಮೇಲೆ. ಇದು ಯಾವ ಆವೃತ್ತಿ? ಇದರೊಳಗೆ ನಮ್ಮವರು ಯಾರಾದರೂ ಕೈ ಹಾಕಿ ತಿದ್ದಿದ್ದಾರಾ? ಎಲ್ಲಿಂದ ಇಳಿಸಿಕೊಂಡದ್ದು? ಫೈಲನ್ನು ನೋಡಿದರೆ ಒಂದೂ ಗೊತ್ತಾಗಲ್ಲ. ಇನ್ನೊಂದು ಕಿರಿಕಿರಿ ಗಿಟ್‌ಇಗ್ನೋರ್‌ದು, ಯಾವ ಫೈಲುಗಳನ್ನು ಗಿಟ್ ಬಿಟ್ಟುಬಿಡಬೇಕು ಅಂತ ಬರೆಯೋ ಫೈಲ್ ಅದು. ಅನೇಕರ ಗಿಟ್‌ಇಗ್ನೋರ್ ಫೈಲ್‌ನಲ್ಲಿ ಡಿಸ್ಟ್ ಅನ್ನೋ ಒಂದು ಸಾಲು ಇದ್ದೇ ಇರುತ್ತೆ. ಎಲ್ಲಿಂದಲೋ ಕಾಪಿ ಮಾಡಿಕೊಂಡು ಬಂದದ್ದು. ಲೈಬ್ರರಿಯ ಡಿಸ್ಟ್ ಫೋಲ್ಡರ್ ತಂದು ಹಾಕಿ ಗಿಟ್ ಆಡ್ ಡಾಟ್ ಅಂತ ಕೊಟ್ಟರೆ ಗಿಟ್ ಏನೂ ಹೇಳದೆ ಅದನ್ನು ಬಿಟ್ಟುಬಿಡುತ್ತೆ. ನಿಮ್ಮ ಮೆಷಿನ್‌ನಲ್ಲಿ ಎಲ್ಲ ಚೆನ್ನಾಗಿ ಓಡುತ್ತೆ, ಯಾಕಂದ್ರೆ ಫೈಲ್ ಅಲ್ಲೇ ಇದೆ. ಇನ್ನೊಬ್ಬರ ಮೆಷಿನ್‌ನಲ್ಲಿ ಮಾತ್ರ ಇಲ್ಲ. ಗಿಟ್ ಚೆಕ್-ಇಗ್ನೋರ್ ಅನ್ನೋ ಕಮಾಂಡ್‌ಗೆ ವಿ ಆಯ್ಕೆ ಕೊಟ್ಟು ಫೈಲ್ ಹೆಸರು ಬರೆದರೆ, ಯಾವ ಫೈಲಿನ ಎಷ್ಟನೇ ಸಾಲು ಅದನ್ನು ತಡೆಯುತ್ತಿದೆ ಅಂತ ತೋರಿಸುತ್ತೆ. ಈ ಕಮಾಂಡ್ ಗೊತ್ತಿರೋರು ಕಡಿಮೆ.

ಇನ್ನು ಉಳಿದದ್ದು ಸಬ್‌ಮಾಡ್ಯೂಲ್ ಮತ್ತು ಸಬ್‌ಟ್ರೀ, ಒಂದು ರೆಪೊದಲ್ಲಿ ಇನ್ನೊಂದು ರೆಪೊದ ಕೋಡ್ ಬಳಸೋಕೆ ಗಿಟ್‌ನಲ್ಲಿರೋ ಎರಡು ದಾರಿ. ನನ್ನ ಜೊತೆ ಕೆಲಸ ಮಾಡೋ ಹುಡುಗ ಸಬ್‌ಮಾಡ್ಯೂಲ್ ಪರ. "ಸಾರ್, ಅದೇ ಕ್ಲೀನ್ ಆಗಿರೋದು. ಬೇರೆಯವರ ಕೋಡ್ ಬೇರೆ, ನಮ್ಮದು ಬೇರೆ" ಅಂತ ಅವನ ವಾದ. ಅದರಲ್ಲಿ ತಪ್ಪಿಲ್ಲ. ಸಬ್‌ಮಾಡ್ಯೂಲ್ ಸೇರಿಸಿದಾಗ ನಮ್ಮ ರೆಪೊ ಒಳಗೆ ಲೈಬ್ರರಿಯ ಕೋಡ್ ಬರೋದೇ ಇಲ್ಲ. ಬರೋದು ಎರಡೇ. ಡಾಟ್ ಗಿಟ್‌ಮಾಡ್ಯೂಲ್ಸ್ ಫೈಲ್‌ನಲ್ಲಿ ಲೈಬ್ರರಿಯ ವಿಳಾಸ, ಮತ್ತೆ ಆ ಫೋಲ್ಡರ್ ಇರಬೇಕಾದ ಜಾಗದಲ್ಲಿ ಒಂದು ಕಮಿಟ್ ಸಂಖ್ಯೆ. ಗಿಟ್ ಎಲ್ಎಸ್-ಟ್ರೀ ಕೊಟ್ಟು ನೋಡಿದರೆ ಮಾಮೂಲಿ ಫೈಲುಗಳ ಮುಂದೆ 100644 ಅಂತ ಇರುತ್ತೆ, ಸಬ್‌ಮಾಡ್ಯೂಲ್ ಮುಂದೆ 160000 ಅಂತ ಇರುತ್ತೆ. ನಮ್ಮೂರ ಭಾಷೆಯಲ್ಲಿ ಹೇಳೋದಾದರೆ ಕಾಫಿ ಇರೋದು ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಿಸೋ ಕಾರ್ಖಾನೆಯಲ್ಲಿ), ನಮ್ಮ ಬೀರುವಿನಲ್ಲಿ ಇರೋದು ರಸೀದಿ.

ರಸೀದಿ ಪಕ್ಕಾ ಇರುತ್ತೆ, ಅದನ್ನು ಒಪ್ಪುತ್ತೇನೆ. ಯಾವ ಕಮಿಟ್ ಅಂತ ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಬರೆದಿರುತ್ತೆ. ಆದರೆ ಕ್ಲೋನ್ ಮಾಡೋರು (ರೆಪೊದ ಪ್ರತಿ ಇಳಿಸಿಕೊಳ್ಳೋರು) ರಿಕರ್ಸ್-ಸಬ್‌ಮಾಡ್ಯೂಲ್ಸ್ ಅನ್ನೋ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಆಮೇಲೆ ಸಬ್‌ಮಾಡ್ಯೂಲ್ ಅಪ್‌ಡೇಟ್ ಇನಿಟ್ ಅಂತ ಕೊಡಬೇಕು. ಕೊಡದಿದ್ದರೆ ಫೋಲ್ಡರ್ ಇರುತ್ತೆ, ಒಳಗೆ ಏನೂ ಇರಲ್ಲ. ರೆಪೊಗಳನ್ನು ಇಡೋ ಗಿಟ್‌ಹಬ್ ಸೈಟಿನಲ್ಲಿ ಜಿಪ್ ಇಳಿಸಿಕೊಂಡರೂ ಅದೇ ಕಥೆ, ಸಬ್‌ಮಾಡ್ಯೂಲ್ ಜಾಗ ಖಾಲಿ. ಹೊಸ ಬದಲಾವಣೆ ತರೋಕೆ ಗಿಟ್ ಪುಲ್ ಮಾಡಿದರೆ ಕಮಿಟ್ ಸಂಖ್ಯೆ ಹೊಸದಾಗುತ್ತೆ, ಫೋಲ್ಡರ್ ಒಳಗಿನ ಫೈಲುಗಳು ಹಳೇವೇ ಉಳಿಯುತ್ತವೆ, ಮತ್ತೆ ಅಪ್‌ಡೇಟ್ ಕೊಡಬೇಕು. ಸಬ್‌ಮಾಡ್ಯೂಲ್ ಡಾಟ್ ರಿಕರ್ಸ್ ಅನ್ನೋ ಸೆಟಿಂಗ್ ಆನ್ ಮಾಡಿಟ್ಟರೆ ಇದು ತಾನಾಗೇ ಆಗುತ್ತೆ, ಆದರೆ ಅದನ್ನು ಪ್ರತಿ ಮೆಷಿನ್‌ನಲ್ಲೂ ಮಾಡಬೇಕು. ಆಫೀಸಿನಲ್ಲಿ ಇಬ್ಬರು ಕೂತು ಕೆಲಸ ಮಾಡುವಾಗ ಇದ್ಯಾವುದೂ ದೊಡ್ಡ ವಿಷಯ ಅಲ್ಲ.

ನಮಗೆ ಅದು ಆಗದೇ ಹೋದದ್ದು ಪೆನ್ ಡ್ರೈವ್‌ನಿಂದ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್ಟೇಟ್‌ಗಳಿಗೆ ಅಪ್‌ಡೇಟ್ ಹೋಗೋದು ಗಿಟ್ ಬಂಡಲ್ ಮೂಲಕ. ಗಿಟ್ ಬಂಡಲ್ ಕ್ರಿಯೇಟ್ ಕೊಟ್ಟು ಫೈಲ್ ಹೆಸರು, ಬ್ರಾಂಚ್ (ಕಮಿಟ್‌ಗಳ ಒಂದು ಸಾಲು) ಹೆಸರು ಕೊಟ್ಟರೆ, ಬ್ರಾಂಚಿನ ಪೂರ್ತಿ ಇತಿಹಾಸ ಒಂದೇ ಫೈಲ್‌ಗೆ ಬರುತ್ತೆ. ಅದನ್ನು ಪೆನ್ ಡ್ರೈವ್‌ಗೆ ಹಾಕಿ ಕಳಿಸಿದರೆ ಆ ಕಡೆಯವರು ಅದರಿಂದಲೇ ಕ್ಲೋನ್ ಮಾಡಬಹುದು, ಪುಲ್ ಮಾಡಬಹುದು. ನೆಟ್ ಬೇಕಿಲ್ಲ. ಎರಡನೇ ಸಲದಿಂದ ಪೂರ್ತಿ ಕಳಿಸೋದೂ ಬೇಡ. ಆ ಎಸ್ಟೇಟ್‌ಗೆ ಹಿಂದೆ ಎಲ್ಲಿವರೆಗೆ ಕೊಟ್ಟಿದ್ದೆವೋ ಅಲ್ಲಿಗೆ ಒಂದು ಟ್ಯಾಗ್ (ಆ ಕಮಿಟ್‌ಗೆ ಗುರುತಿನ ಹೆಸರು) ಹಾಕಿಟ್ಟುಕೊಂಡಿರುತ್ತೇವೆ. ಆ ಟ್ಯಾಗ್, ಎರಡು ಚುಕ್ಕಿ, ಬ್ರಾಂಚ್ ಹೆಸರು ಅಂತ ಬರೆದರೆ ಅಲ್ಲಿಂದ ಈಚೆಗಿನ ಕಮಿಟ್‌ಗಳು ಮಾತ್ರ ಬಂಡಲ್‌ಗೆ ಹೋಗುತ್ತವೆ. ಆ ಕಡೆ ಬಂಡಲ್ ವೆರಿಫೈ ಕೊಟ್ಟರೆ, ಈ ಬಂಡಲ್‌ಗೆ ಬೇಕಾದ ಹಳೇ ಕಮಿಟ್‌ಗಳು ಆ ಲ್ಯಾಪ್‌ಟಾಪ್‌ನಲ್ಲಿ ಇವೆಯಾ ಇಲ್ಲವಾ ಅಂತ ಗಿಟ್ ಹೇಳುತ್ತೆ. ರೈಟ್ರಿಗೆ ಇದೆಲ್ಲ ಕಾಣಲ್ಲ. ಡೆಸ್ಕ್‌ಟಾಪ್ ಮೇಲೆ ಒಂದು ಐಕಾನ್ ಇದೆ, ಪೆನ್ ಡ್ರೈವ್ ಹಾಕಿ ಅದನ್ನು ಒತ್ತುತ್ತಾರೆ.

ಈಗ ಸಬ್‌ಮಾಡ್ಯೂಲ್ ಇದ್ದರೆ? ಬಂಡಲ್ ಒಳಗೆ ಹೋಗೋದು ನಮ್ಮ ರೆಪೊ ಮಾತ್ರ, ಅಂದರೆ ರಸೀದಿ ಮಾತ್ರ. ಲೈಬ್ರರಿಗೆ ಬೇರೆ ಬಂಡಲ್ ಮಾಡಬೇಕು. ಗಿಟ್‌ಮಾಡ್ಯೂಲ್ಸ್ ಫೈಲ್‌ನಲ್ಲಿರೋ ವಿಳಾಸ ಗಿಟ್‌ಹಬ್‌ದು, ಅದನ್ನು ಆ ಲ್ಯಾಪ್‌ಟಾಪ್‌ನಲ್ಲಿ ಪೆನ್ ಡ್ರೈವ್‌ನ ದಾರಿಗೆ ತಿರುಗಿಸಬೇಕು. ತಿರುಗಿಸಿದರೂ ಮುಗಿಯಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ ಗಿಟ್ 2.38.1ರಿಂದ ಈಚೆಗೆ, ಅದೇ ಮೆಷಿನ್‌ನಲ್ಲಿರೋ ದಾರಿಯಿಂದ ಸಬ್‌ಮಾಡ್ಯೂಲ್ ಎಳೆಯೋಕೆ ಹೋದರೆ, ಫೈಲ್ ಟ್ರಾನ್ಸ್‌ಪೋರ್ಟ್‌ಗೆ ಅನುಮತಿ ಇಲ್ಲ ಅಂತ ಗಿಟ್ ನಿಂತುಬಿಡುತ್ತೆ. ಅದು ಬಗ್ ಅಲ್ಲ, ಒಂದು ಸೆಕ್ಯುರಿಟಿ ತೂತು ಮುಚ್ಚೋಕೆ ಬೇಕಂತಲೇ ಹಾಕಿದ ಬೀಗ. ಪ್ರೋಟೊಕಾಲ್ ಡಾಟ್ ಫೈಲ್ ಡಾಟ್ ಅಲೋ ಅನ್ನೋ ಸೆಟಿಂಗ್ ಬದಲಾಯಿಸಿ ಬೀಗ ತೆಗೆಯಬಹುದು. ಬೇರೆಯವರ ಆಫೀಸಿನ ಮೆಷಿನ್‌ನಲ್ಲಿ, ಅದೂ ಊರೆಲ್ಲ ತಿರುಗೋ ಪೆನ್ ಡ್ರೈವ್‌ಗೋಸ್ಕರ, ಆ ಬೀಗ ತೆಗೆಯೋ ಮನಸ್ಸು ನನಗಿರಲಿಲ್ಲ. ಹುಡುಗನಿಗೂ ಇದನ್ನು ಅವನ ಲ್ಯಾಪ್‌ಟಾಪ್‌ನಲ್ಲೇ, ವೈಫೈ ಆಫ್ ಮಾಡಿಸಿ ತೋರಿಸಿದೆ. "ಸರಿ ಸಾರ್, ಸಬ್‌ಟ್ರೀನೇ ಆಗ್ಲಿ ಬಿಡಿ" ಅಂದ.

ಸಬ್‌ಟ್ರೀಯಲ್ಲಿ ಲೈಬ್ರರಿಯ ಫೈಲುಗಳು ನಮ್ಮ ರೆಪೊ ಒಳಗೇ ಮಾಮೂಲಿ ಫೈಲುಗಳ ಹಾಗೆ ಬಂದು ಕೂರುತ್ತವೆ. ಕ್ಲೋನ್ ಮಾಡೋರಿಗೆ, ಪುಲ್ ಮಾಡೋರಿಗೆ ಇಲ್ಲೊಂದು ಬೇರೆ ಲೈಬ್ರರಿ ಇದೆ ಅಂತ ಗೊತ್ತಿರಬೇಕಾಗಿಲ್ಲ. ಗಿಟ್ ಸಬ್‌ಟ್ರೀ ಅನ್ನೋ ಕಮಾಂಡ್ ಇರಬೇಕಾದ್ದು ಲೈಬ್ರರಿ ಸೇರಿಸೋರ ಮತ್ತು ಹೊಸದು ಮಾಡೋರ ಮೆಷಿನ್‌ನಲ್ಲಿ ಮಾತ್ರ. ವಿಂಡೋಸ್‌ನ ಗಿಟ್ ಜೊತೆ ಅದು ಬರುತ್ತೆ, ಉಬುಂಟುವಿನಲ್ಲೂ ಇರುತ್ತೆ. ಫೆಡೋರಾದಲ್ಲಿ ಗಿಟ್-ಸಬ್‌ಟ್ರೀ ಅಂತ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ಕಮಾಂಡ್ ಹೀಗಿದೆ: ಗಿಟ್ ಸಬ್‌ಟ್ರೀ ಆಡ್, ಆಮೇಲೆ ಪ್ರಿಫಿಕ್ಸ್ ಆಯ್ಕೆಗೆ ಫೋಲ್ಡರ್ ಹೆಸರು (ನಮ್ಮದು ವೆಂಡರ್ ಫೋಲ್ಡರ್ ಒಳಗೆ ಯೂಪ್ಲಾಟ್), ಆಮೇಲೆ ಲೈಬ್ರರಿಯ ವಿಳಾಸ, ಆಮೇಲೆ ಟ್ಯಾಗ್, ಕೊನೆಗೆ ಸ್ಕ್ವಾಶ್. ಬ್ರಾಂಚ್ ಹೆಸರು ಕೊಡಬೇಡಿ, ಬಿಡುಗಡೆ ಆದ ಟ್ಯಾಗ್ ಕೊಡಿ. ಕಮಿಟ್ ಆಗದ ಬದಲಾವಣೆ ಏನಾದರೂ ಉಳಿದಿದ್ದರೆ, ವರ್ಕಿಂಗ್ ಟ್ರೀಯಲ್ಲಿ ಬದಲಾವಣೆ ಇದೆ, ಸೇರಿಸೋಕಾಗಲ್ಲ ಅಂತ ಗಿಟ್ ಹೇಳುತ್ತೆ. ಗಾಬರಿ ಬೇಡ, ಅವನ್ನು ಕಮಿಟ್ ಮಾಡಿ ಮತ್ತೆ ಕೊಡಿ.

ಸ್ಕ್ವಾಶ್ ಕೊಡದಿದ್ದರೆ ಲೈಬ್ರರಿಯವರು ಮೊದಲಿನಿಂದ ಮಾಡಿದ ಅಷ್ಟೂ ಕಮಿಟ್‌ಗಳು ನಮ್ಮ ಲಾಗ್‌ಗೆ (ಕಮಿಟ್‌ಗಳ ಪಟ್ಟಿಗೆ) ಬಂದು ಸೇರುತ್ತವೆ. ಮಳೆ ಪುಟದಲ್ಲಿ ಯಾವಾಗ ಏನು ಬದಲಾಯ್ತು ಅಂತ ನೋಡೋಕೆ ಹೋದರೆ ಯಾರೋ ಗೊತ್ತಿಲ್ಲದವರ ಕಮಿಟ್‌ಗಳ ಮಧ್ಯೆ ಹುಡುಕಬೇಕು. ಕೊಟ್ಟರೆ ಎರಡೇ ಕಮಿಟ್: ಫೈಲುಗಳನ್ನೆಲ್ಲ ಒಟ್ಟು ಮಾಡಿದ್ದು ಒಂದು, ಅದನ್ನು ನಮ್ಮ ಬ್ರಾಂಚ್‌ಗೆ ಮರ್ಜ್ ಮಾಡಿದ್ದು, ಅಂದರೆ ಸೇರಿಸಿದ್ದು, ಇನ್ನೊಂದು. ಒಟ್ಟು ಮಾಡಿದ ಕಮಿಟ್‌ನ ಸಂದೇಶದ ಕೊನೆಯಲ್ಲಿ ಗಿಟ್-ಸಬ್‌ಟ್ರೀ-ಡಿರ್, ಗಿಟ್-ಸಬ್‌ಟ್ರೀ-ಸ್ಪ್ಲಿಟ್ ಅಂತ ಎರಡು ಸಾಲು ಇರುತ್ತವೆ. ಯಾವ ಫೋಲ್ಡರ್, ಯಾವ ಕಮಿಟ್‌ನಿಂದ ಬಂತು ಅಂತ ಅದರಲ್ಲಿದೆ. ಮುಂದೆ ಸಬ್‌ಟ್ರೀ ಪುಲ್ ಕೊಟ್ಟಾಗ ಗಿಟ್ ಹುಡುಕೋದು ಇದೇ ಸಾಲುಗಳನ್ನ.

ಆದ್ದರಿಂದ ಆ ಸಾಲುಗಳು ಕಳೆದುಹೋಗಬಾರದು. ಕಳೆದುಹೋಗೋ ದಾರಿ ತುಂಬ ಸಲೀಸು. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಸೇರಿಸುವಾಗ ಸ್ಕ್ವಾಶ್ ಅಂಡ್ ಮರ್ಜ್ ಒತ್ತಿಬಿಟ್ಟರೆ ಎಲ್ಲ ಕಮಿಟ್ ಕಲಸಿ ಒಂದಾಗುತ್ತೆ, ಸಂದೇಶವನ್ನು ಯಾರಾದರೂ ಚೊಕ್ಕ ಮಾಡಿದರೆ ಆ ಸಾಲುಗಳೂ ಹೋದವು. ಮುಂದಿನ ಸಲ ಪುಲ್ ಕೊಟ್ಟರೆ, ಈ ಫೋಲ್ಡರನ್ನು ನೀವು ಯಾವತ್ತೂ ಸೇರಿಸೇ ಇಲ್ಲ ಅನ್ನುತ್ತೆ ಗಿಟ್. ಕಣ್ಣೆದುರಿಗೆ ಫೋಲ್ಡರ್ ಇದೆ, ಗಿಟ್ ಇಲ್ಲ ಅನ್ನುತ್ತೆ! ರೀಬೇಸ್ ಮಾಡಿದರೂ (ಕಮಿಟ್‌ಗಳನ್ನು ಇನ್ನೊಂದು ಕಮಿಟ್ ಮೇಲೆ ಮತ್ತೆ ಜೋಡಿಸಿದರೂ) ಹೀಗೇ ಒಂದಲ್ಲ ಒಂದು ಎಡವಟ್ಟು. ಲೈಬ್ರರಿಯ ಫೈಲುಗಳು ವೆಂಡರ್ ಫೋಲ್ಡರ್ ಬಿಟ್ಟು ರೆಪೊದ ಮೊದಲ ಹಂತಕ್ಕೇ ಬಂದು ಬೀಳೋದೂ ಉಂಟು. ಅದಕ್ಕೆ ನಮ್ಮಲ್ಲಿ ಲೈಬ್ರರಿ ಸೇರಿಸೋ ಕೆಲಸಕ್ಕೆ ಬೇರೆ ಬ್ರಾಂಚ್, ಮಾಮೂಲಿ ಮರ್ಜ್, ಆ ಬ್ರಾಂಚಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಸ್ವಲ್ಪ ಕಾಡಿತು. ಸ್ಕ್ವಾಶ್ ಇತಿಹಾಸವನ್ನು ಕಡಿಮೆ ಮಾಡುತ್ತೆ, ಫೈಲುಗಳನ್ನಲ್ಲ. ಯೂಪ್ಲಾಟ್ ರೆಪೊದಲ್ಲಿ ಡೆಮೊ ಪುಟಗಳಿವೆ, ಬೇರೆ ಗ್ರಾಫ್ ಲೈಬ್ರರಿಗಳ ಜೊತೆ ವೇಗ ಹೋಲಿಸೋ ಬೆಂಚ್ ಫೋಲ್ಡರ್ ಇದೆ. ನನಗೆ ಬೇಕಾದದ್ದು ಡಿಸ್ಟ್ ಒಂದೇ. ಪೆನ್ ಡ್ರೈವ್‌ಗೆ ಅದು ಭಾರ ಅಲ್ಲ, ಆದರೂ ಎಸ್ಟೇಟ್ ಲೆಕ್ಕದ ರೆಪೊದಲ್ಲಿ ಬೇರೆಯವರ ಬೆಂಚ್‌ಮಾರ್ಕ್ ಯಾಕಿರಬೇಕು? ಇದಕ್ಕೆ ಸಬ್‌ಟ್ರೀ ಸ್ಪ್ಲಿಟ್ ಅಂತ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಲೈಬ್ರರಿಯನ್ನು ಆಫೀಸ್ ಮೆಷಿನ್‌ನಲ್ಲಿ ಬೇರೆಯಾಗಿ ಕ್ಲೋನ್ ಮಾಡಿಟ್ಟುಕೊಂಡಿದ್ದೇವೆ. ಅಲ್ಲಿ ಬೇಕಾದ ಟ್ಯಾಗ್‌ಗೆ ಚೆಕ್‌ಔಟ್ ಮಾಡಿ (ಆ ಆವೃತ್ತಿಗೆ ಹೋಗಿ), ಸಬ್‌ಟ್ರೀ ಸ್ಪ್ಲಿಟ್‌ಗೆ ಪ್ರಿಫಿಕ್ಸ್ ಡಿಸ್ಟ್ ಅಂತ ಕೊಟ್ಟು, ಹೊಸ ಬ್ರಾಂಚಿಗೊಂದು ಹೆಸರು ಕೊಡೋದು. ಗಿಟ್ ಇತಿಹಾಸವನ್ನೆಲ್ಲ ಜಾಲಾಡಿ, ಡಿಸ್ಟ್ ಫೋಲ್ಡರ್‌ಗೆ ಸಂಬಂಧಪಟ್ಟದ್ದನ್ನು ಮಾತ್ರ ಆಯ್ದು ಆ ಬ್ರಾಂಚ್ ಮಾಡಿಕೊಡುತ್ತೆ. ನಿಧಾನ ಆಗುತ್ತೆ, ಕಾಫಿ ಕುಡಿದು ಬರಬಹುದು. ನಮ್ಮ ಪ್ರಾಜೆಕ್ಟ್‌ಗೆ ಸಬ್‌ಟ್ರೀ ಆಡ್ ಮಾಡೋದು ಈ ಬ್ರಾಂಚನ್ನು. ಅದೇ ಇತಿಹಾಸದ ಮೇಲೆ ಸ್ಪ್ಲಿಟ್ ಎಷ್ಟು ಸಲ ಮಾಡಿದರೂ ಅದೇ ಕಮಿಟ್ ಸಂಖ್ಯೆಗಳೇ ಬರುತ್ತವೆ. ಹಾಗಾಗಿ ಮುಂದಿನ ಆವೃತ್ತಿಗೆ ಮತ್ತೆ ಸ್ಪ್ಲಿಟ್ ಮಾಡಿ ಪುಲ್ ಕೊಟ್ಟರೆ ಕೊಂಡಿ ತಪ್ಪಲ್ಲ.

ಈ ದಾರಿಯಲ್ಲಿ ಎರಡು ವಿಷಯ ಕೈಯಾರೆ ಮಾಡಬೇಕು. ಗಿಟ್-ಸಬ್‌ಟ್ರೀ-ಸ್ಪ್ಲಿಟ್ ಸಾಲಿನಲ್ಲಿ ಬರೋ ಸಂಖ್ಯೆ ನಾವು ಸೀಳಿ ಮಾಡಿದ ಬ್ರಾಂಚಿನದು. ಲೈಬ್ರರಿಯ ಮೂಲ ರೆಪೊದಲ್ಲಿ ಆ ಸಂಖ್ಯೆ ಹುಡುಕಿದರೆ ಸಿಗಲ್ಲ. ಅದಕ್ಕೆ ಮರ್ಜ್ ಸಂದೇಶದಲ್ಲಿ ಮೂಲದ ಟ್ಯಾಗ್, ಮೂಲದ ಕಮಿಟ್ ಸಂಖ್ಯೆ ಎರಡನ್ನೂ ನಾವೇ ಬರೆಯುತ್ತೇವೆ. ಟ್ಯಾಗ್ ಒಂದೇ ಸಾಲದು, ಅದನ್ನು ಆ ರೆಪೊ ನೋಡಿಕೊಳ್ಳೋರು ಇನ್ನೊಂದು ಕಮಿಟ್‌ಗೆ ಎತ್ತಿ ಇಡಬಹುದು. ಎರಡನೇದು ಲೈಸೆನ್ಸ್. ಎಂಐಟಿ ಲೈಸೆನ್ಸ್ ಕೇಳೋದು ಒಂದೇ ಒಂದು: ಕೋಡ್ ಹೋದ ಕಡೆಯೆಲ್ಲ ಆ ಲೈಸೆನ್ಸ್ ಬರಹವೂ, ಬರೆದವರ ಹಕ್ಕಿನ ಸಾಲೂ ಜೊತೆಗೆ ಹೋಗಬೇಕು. ಡಿಸ್ಟ್ ಮಾತ್ರ ಸೀಳಿಕೊಂಡರೆ ಲೈಸೆನ್ಸ್ ಫೈಲ್ ಹಿಂದೆ ಉಳಿದುಬಿಡುತ್ತೆ. ಅದನ್ನು ವೆಂಡರ್ ಫೋಲ್ಡರ್‌ನಲ್ಲಿ ಯೂಪ್ಲಾಟ್ ಪಕ್ಕದಲ್ಲೇ ಬೇರೆ ಫೈಲಾಗಿ ಇಟ್ಟಿದ್ದೇನೆ. ಪುಕ್ಕಟೆ ಸಿಕ್ಕ ಕೋಡ್‌ಗೆ ಅಷ್ಟೂ ಮಾಡದಿದ್ದರೆ ಹೇಗೆ?

ಲೈಬ್ರರಿಯ ಫೋಲ್ಡರ್ ಒಳಗೆ ಯಾರೂ ಕೈ ಹಾಕಬಾರದು ಅನ್ನೋದು ನಮ್ಮ ಆಫೀಸಿನ ಕಾನೂನು. ತಾಂತ್ರಿಕವಾಗಿ ಸಬ್‌ಟ್ರೀ ಅದಕ್ಕೆ ಅಡ್ಡಿ ಮಾಡಲ್ಲ. ನಾವು ತಿದ್ದಿದ ಜಾಗವನ್ನೇ ಅವರೂ ತಿದ್ದಿದ್ದರೆ ಪುಲ್ ಮಾಡುವಾಗ ಕಾನ್‌ಫ್ಲಿಕ್ಟ್ ಬರುತ್ತೆ, ಬಿಡಿಸಿಕೊಳ್ಳಬಹುದು. ಮಿನಿಫೈ ಮಾಡಿದ ಒಂದೇ ಉದ್ದ ಸಾಲಿನಲ್ಲಿ ಕಾನ್‌ಫ್ಲಿಕ್ಟ್ ಬಿಡಿಸಿದ್ದೀರಾ ಯಾವತ್ತಾದರೂ? ಬೇಡ.

ತಿದ್ದಲೇಬೇಕು ಅನ್ನಿಸೋ ಎಷ್ಟೋ ಕಡೆ ಹೊರಗಿನಿಂದಲೇ ಕೆಲಸ ಆಗುತ್ತೆ. ತಿಂಗಳ ಹೆಸರುಗಳನ್ನೇ ನೋಡಿ. ರೈಟ್ರಿಗೆ ಗ್ರಾಫ್ ಕೆಳಗೆ ತಿಂಗಳುಗಳು ಕನ್ನಡದಲ್ಲಿ ಬೇಕು. ಯೂಪ್ಲಾಟ್ ಕೋಡ್ ತೆರೆದರೆ ಇಂಗ್ಲಿಷ್ ತಿಂಗಳುಗಳ ಪಟ್ಟಿ ಕಾಣುತ್ತೆ, ಅಲ್ಲೇ ಕನ್ನಡ ಬರೆದುಬಿಡೋಣ ಅನ್ನಿಸುತ್ತೆ. ಹಾಗೆ ಬರೆದರೂ ಸರಿಹೋಗಲ್ಲ. ಇಂಗ್ಲಿಷ್‌ನ ಚಿಕ್ಕ ಹೆಸರುಗಳನ್ನು ಅದು ಪೂರ್ತಿ ಹೆಸರಿನ ಮೊದಲ ಮೂರು ಅಕ್ಷರ ಕತ್ತರಿಸಿ ಮಾಡಿಕೊಳ್ಳುತ್ತೆ. ಜಾವಾಸ್ಕ್ರಿಪ್ಟ್‌ಗೆ ಕನ್ನಡದ ಒಂದು ಅಕ್ಷರ ಅಂದರೆ ವ್ಯಂಜನ ಬೇರೆ, ಅದರ ಕೊಂಬು, ಇಳಿ, ವಿರಾಮ ಎಲ್ಲ ಬೇರೆ ಬೇರೆ. ಮೂರಕ್ಕೆ ಕತ್ತರಿಸಿದರೆ ಮಾರ್ಚ್ ಹೋಗಿ ಮಾರ ಆಗುತ್ತೆ, ಜೂನ್ ಹೋಗಿ ಜೂನ, ಏಪ್ರಿಲ್ ಬರೀ ಏಪ್. ಮಾರ ತಿಂಗಳಲ್ಲಿ ಹೂಮಳೆ ಎಷ್ಟಾಯ್ತು ಅಂತ ಸಾಹುಕಾರರನ್ನು ಕೇಳೋಕಾಗುತ್ತಾ! ಸರಿಯಾದ ದಾರಿ ಲೈಬ್ರರಿಯೇ ಇಟ್ಟಿದೆ. ದಿನಾಂಕ ಬರೆಯೋ ಅದರ ಫಂಕ್ಷನ್‌ಗೆ ಹೆಸರುಗಳ ನಾಲ್ಕು ಪಟ್ಟಿ ಕೊಡಬಹುದು: ತಿಂಗಳ ಪೂರ್ತಿ ಹೆಸರು, ಚಿಕ್ಕ ಹೆಸರು, ವಾರದ ಪೂರ್ತಿ ಹೆಸರು, ಚಿಕ್ಕ ಹೆಸರು. ಚಿಕ್ಕದನ್ನು ನಾವೇ ಬರೆದುಕೊಟ್ಟೆವು.

ಮಳೆಯ ಅಳತೆಯೂ ಹಾಗೆಯೇ. ಇಲ್ಲಿ ಪ್ಲಾಂಟರುಗಳು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಸರ್ಕಾರದ ಲೆಕ್ಕ ಮಿಲಿಮೀಟರ್, ಒಂದು ಇಂಚಿಗೆ 25.4. ನಾವು ಮಿಲಿಮೀಟರ್‌ನಲ್ಲಿ ಇಟ್ಟುಕೊಂಡು, ಅಕ್ಷದ ಮೇಲೆ ಬರೆಯೋ ಫಂಕ್ಷನ್ ಒಂದನ್ನು ಹೊರಗಿನಿಂದ ಕೊಟ್ಟು ಇಂಚು ತೋರಿಸುತ್ತೇವೆ. ಇದೆಲ್ಲ ಸೇರಿ ನಮ್ಮದೇ ಒಂದು ಫೈಲ್ ಇದೆ, ಪುಟಗಳು ಮಾತಾಡೋದು ಆ ಫೈಲ್ ಜೊತೆ ಮಾತ್ರ. ನಾಳೆ ಯೂಪ್ಲಾಟ್ ಬಿಟ್ಟು ಬೇರೆ ಲೈಬ್ರರಿ ಹಿಡಿದರೂ ಬದಲಾಗಬೇಕಾದ್ದು ಅದೊಂದೇ ಫೈಲ್.

ವಿಂಡೋಸ್‌ನಲ್ಲಿ ಕೆಲಸ ಮಾಡೋರಿಗೆ ಒಂದು ಮಾತು. ಗಿಟ್‌ನ ಆಟೊಸಿಆರ್‌ಎಲ್‌ಎಫ್ ಸೆಟಿಂಗ್ ಆನ್ ಇದ್ದರೆ ಸಾಲಿನ ಕೊನೆಯ ಗುರುತನ್ನು ಗಿಟ್ ಬದಲಾಯಿಸಿ ಫೈಲ್ ಇಡುತ್ತೆ. ಪ್ರೋಗ್ರಾಂ ಓಡೋಕೆ ತೊಂದರೆ ಇಲ್ಲ. ಆದರೆ ಫೈಲಿನ ಶಾ-256 (ಒಳಗಿರೋದರಿಂದ ಲೆಕ್ಕ ಹಾಕೋ ಗುರುತಿನ ಸಂಖ್ಯೆ) ತೆಗೆದು ಮೂಲದ್ದರ ಜೊತೆ ತಾಳೆ ನೋಡಿದರೆ ಹೊಂದಲ್ಲ, ಸುಮ್ನೆ ಅನುಮಾನ ಶುರುವಾಗುತ್ತೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ವೆಂಡರ್ ಫೋಲ್ಡರ್‌ಗೆ ಮೈನಸ್ ಟೆಕ್ಸ್ಟ್ ಅಂತ ಒಂದು ಸಾಲು ಬರೆದರೆ ಗಿಟ್ ಅದನ್ನು ಮುಟ್ಟದೆ ಇದ್ದ ಹಾಗೇ ಇಡುತ್ತೆ. ಮಿನಿಫೈ ಆದ ಫೈಲುಗಳಿಗೆ ಮೈನಸ್ ಡಿಫ್ ಅಂತಲೂ ಬರೆದಿದ್ದೇವೆ, ಇಲ್ಲದಿದ್ದರೆ ಡಿಫ್ (ಹಳೇದಕ್ಕೂ ಹೊಸದಕ್ಕೂ ಇರೋ ವ್ಯತ್ಯಾಸ) ನೋಡುವಾಗ ಪರದೆ ತುಂಬ ಅದೇ.

ಅಪ್‌ಡೇಟ್ ವಿಷಯದಲ್ಲಿ ನಾನು ಸೋಮಾರಿ, ಬೇಕಂತಲೇ. ಹೊಸ ಆವೃತ್ತಿ ಬಂತು ಅಂತ ತಕ್ಷಣ ಎಳೆಯಲ್ಲ. ಅದರ ಬಿಡುಗಡೆ ಟಿಪ್ಪಣಿ ಓದಿ, ನಮಗೆ ಬೇಕಾದ ಸುಧಾರಣೆಯೋ ಸೆಕ್ಯುರಿಟಿ ವಿಷಯವೋ ಇದ್ದರೆ ಮಾತ್ರ. 2018ರಲ್ಲಿ ಎನ್‌ಪಿಎಂನ ಈವೆಂಟ್-ಸ್ಟ್ರೀಮ್ ಪ್ಯಾಕೇಜ್ ಒಳಗೆ ಬಿಟ್‌ಕಾಯಿನ್ ಕದಿಯೋ ಕೋಡ್ ಸೇರಿಕೊಂಡದ್ದು ಮಾಮೂಲಿ ಅಪ್‌ಡೇಟ್ ವೇಷದಲ್ಲೇ. ಎಳೆದ ಮೇಲೆ ಮಿನಿಫೈ ಆಗದ ಫೈಲಿನ ಡಿಫ್ ಓದುತ್ತೇನೆ. ಪೂರ್ತಿ ಅರ್ಥ ಆಗುತ್ತೆ ಅಂತಲ್ಲ. ಗ್ರಾಫ್ ಬರೆಯೋ ಲೈಬ್ರರಿಗೆ ನೆಟ್‌ವರ್ಕ್ ಕರೆ ಮಾಡೋ ಸಾಲು ಹೊಸದಾಗಿ ಬಂದಿದ್ದರೆ ಅಷ್ಟಾದರೂ ಕಣ್ಣಿಗೆ ಬೀಳುತ್ತೆ. ಮಿನಿಫೈ ಫೈಲ್ ಬೇರೆಯೇ ಇರಬಹುದಲ್ಲ ಅಂತ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಅದಕ್ಕೆ ಈಗ ಎಸ್ಟೇಟ್‌ಗಳಿಗೆ ಹೋಗೋ ಪುಟದಲ್ಲಿ ಮಿನಿಫೈ ಆಗದ ಫೈಲನ್ನೇ ಬಳಸುತ್ತೇವೆ. ಅದೇ ಲ್ಯಾಪ್‌ಟಾಪ್‌ನಿಂದ ಅದೇ ಲ್ಯಾಪ್‌ಟಾಪ್‌ಗೆ ಹೋಗೋ ಫೈಲ್, ಗಾತ್ರ ಜಾಸ್ತಿ ಆದರೆ ಏನಾಗಬೇಕು?

ಸಬ್‌ಮಾಡ್ಯೂಲನ್ನು ನಾನು ಪೂರ್ತಿ ಬಿಟ್ಟಿಲ್ಲ. ನಮ್ಮದೇ ಒಂದು ಚಿಕ್ಕ ಕೋಡ್ ಗುಂಪು ಇದೆ, ಕನ್ನಡ ಅಂಕಿ, ದಿನಾಂಕ, ರಸೀದಿ ಪ್ರಿಂಟ್ ಇತ್ಯಾದಿ. ಊರೊಳಗಿನ ಅಂಗಡಿಗಳಿಗೆ ಮಾಡಿಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂಗಳಲ್ಲಿ ಅದು ಸಬ್‌ಮಾಡ್ಯೂಲ್ ಆಗಿಯೇ ಇದೆ. ಆ ಕೋಡನ್ನು ದಿನಾ ತಿದ್ದೋರು ನಾವೇ, ಕ್ಲೋನ್ ಮಾಡೋರೂ ನಾವೇ, ನೆಟ್ಟೂ ಇದೆ. ಒಂದು ಪ್ರಾಜೆಕ್ಟ್‌ನಲ್ಲಿ ಕೂತು ತಿದ್ದಿ ಅಲ್ಲಿಂದಲೇ ಮೂಲಕ್ಕೆ ಪುಶ್ ಮಾಡೋದು ಸಬ್‌ಮಾಡ್ಯೂಲ್‌ನಲ್ಲಿ ಸಲೀಸು. ಡಿಟ್ಯಾಚ್ಡ್ ಹೆಡ್‌ನಲ್ಲಿ, ಅಂದರೆ ಯಾವ ಬ್ರಾಂಚಿನ ಮೇಲೂ ಇಲ್ಲದೆ ನಿಂತಿರುತ್ತೇವೆ ಅನ್ನೋದು ನೆನಪಿದ್ದರೆ ಸಾಕು, ಮೊದಲು ಬ್ರಾಂಚಿಗೆ ಚೆಕ್‌ಔಟ್ ಮಾಡಿ ಆಮೇಲೆ ತಿದ್ದಬೇಕು.

ತೆಗೆಯೋ ಸಮಯ ಬಂದರೆ ಏನು ಅಂತಲೂ ಮೊದಲೇ ನೋಡಿಕೊಂಡಿದ್ದೆ. ಸಬ್‌ಟ್ರೀ ಆದರೆ ಗಿಟ್ ಆರ್‌ಎಂ ಕೊಟ್ಟು ಫೋಲ್ಡರ್ ಅಳಿಸಿ ಕಮಿಟ್ ಮಾಡಿದರೆ ಮುಗೀತು. ಮುಂದಿನ ಬಂಡಲ್ ಹೋದಾಗ ಎಸ್ಟೇಟ್ ಲ್ಯಾಪ್‌ಟಾಪ್‌ನಲ್ಲೂ ತಾನಾಗೇ ಮಾಯ. ಸಬ್‌ಮಾಡ್ಯೂಲ್ ಆದರೆ ಮೊದಲು ಡಿಇನಿಟ್, ಆಮೇಲೆ ಆರ್‌ಎಂ, ಅದಾದ ಮೇಲೂ ಡಾಟ್ ಗಿಟ್ ಒಳಗಿನ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ ಅದರ ಹಳೇ ಕ್ಲೋನ್ ಉಳಿದಿರುತ್ತೆ. ಅದನ್ನು ಪ್ರತಿ ಮೆಷಿನ್‌ನಲ್ಲೂ ಕೈಯಿಂದ ಅಳಿಸಬೇಕು.